ಅಪ್‌ಡೇಟ್: ದನದ ಡಾಕ್ಟರ್ ಆಗೋದಕ್ಕೆ ಅಪ್ಪ ಒಪ್ಪಿದರು

ಹೋದ ವಾರ ಕೇಳಿದ್ದೆನಲ್ಲ, ‘ನೀಟ್ ಬರೆದು ದನದ ಡಾಕ್ಟರಾ?’ ಅಂತ ನಗುವ ಅಪ್ಪನನ್ನು ಒಪ್ಪಿಸುವುದು ಹೇಗೆ ಅಂತ? ನಾವು ಮುಂಬೈ ಹತ್ತಿರದ ಡೊಂಬಿವಲಿಯವರು.

ಸಂಬಳದ ಲೆಕ್ಕ ತೋರಿಸಿದ್ದು ನಡೆಯಲಿಲ್ಲ. ಸೋದರಮಾವನಿಂದ ಹೇಳಿಸಿದ್ದು ಇನ್ನೂ ಎಡವಟ್ಟಾಯಿತು. ಮಾವ ಅಪ್ಪನ ಕಡೆಗೇ ವಾಲಿಬಿಟ್ಟರು!

ಕೆಲಸ ಮಾಡಿದ್ದು ‘ಸುಮ್ನೆ ಒಮ್ಮೆ ಮುಂಬೈನ ಪರೇಲ್‌ಗೆ ಕರೆದುಕೊಂಡು ಹೋಗು’ ಅಂತ ಇಲ್ಲಿ ಉತ್ತರಿಸಿದವರ ಮಾತು. ಅಲ್ಲಿನ ಪಶುವೈದ್ಯಕೀಯ ಕಾಲೇಜು 1886ರದ್ದು ಅಂತ ತಿಳಿದು ಅಪ್ಪ ಹುಬ್ಬೇರಿಸಿದರು. ಪ್ರಾಣಿಗಳ ಆಸ್ಪತ್ರೆಯಲ್ಲಿ ಒಬ್ಬ ಅಜ್ಜ ರಟ್ಟಿನ ಪೆಟ್ಟಿಗೆಯಲ್ಲಿ ಪಾರಿವಾಳ ತಂದಿದ್ದರು. ಅಪ್ಪ ಅವರ ಹತ್ತಿರ ಅರ್ಧ ಗಂಟೆ ಮಾತಾಡಿದರು, ಅದೂ ತಮ್ಮ ಹರಕುಮುರುಕು ಮರಾಠಿಯಲ್ಲಿ. ವಾಪಸ್ ಬರುವಾಗ ಲೋಕಲ್ ರೈಲಿನಲ್ಲಿ, ಊರಿನ ಗೌರಿ ಹಸು ಕರು ಹಾಕಲಾಗದೆ ಸತ್ತದ್ದನ್ನು ಹೇಳಿದರು. ಡಾಕ್ಟರ್ ಸಿಗಲಿಲ್ಲವಂತೆ. ನನಗೆ ಇದು ಗೊತ್ತೇ ಇರಲಿಲ್ಲ.

ಮುಂದೆ ಓದುವವರಿಗೆ: ಕೋರ್ಸ್ 5 ವರ್ಷ 6 ತಿಂಗಳು, ಕೊನೆಯ 1 ವರ್ಷ ಇಂಟರ್ನ್‌ಶಿಪ್. ನೀಟ್ ಬರೆದರಷ್ಟೇ ಸಾಲದು. ಮಹಾರಾಷ್ಟ್ರ ರಾಜ್ಯದ ಸೀಟಿಗೆ ನಾಗಪುರದ ಮಾಫ್ಸುಗೆ (ರಾಜ್ಯದ ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ) ಬೇರೆ ಅರ್ಜಿ ಹಾಕಬೇಕು. ನಾನು ಇದನ್ನು ಮರೆತೇಬಿಡುತ್ತಿದ್ದೆ.

ಅಮ್ಮ ಇನ್ನೂ ಮುಖ ಊದಿಸಿಕೊಂಡೇ ಇದ್ದಾರೆ. ಅಪ್ಪ ಮಾತ್ರ ನಿನ್ನೆ ಬೀದಿನಾಯಿಗೆ ಬಿಸ್ಕತ್ತು ಹಾಕಿ ಬಂದರು.