ಆಪರೇಷನ್ ಥಿಯೇಟರಿನಲ್ಲಿ ಸರ್ಜನನ ಕೈ ತಡೆಯುವ ಧೈರ್ಯ ಕಿರಿಯರಿಗೆ ಬರುವುದು ಹೇಗೆ?

ಪ್ರಶ್ನೆ (ಸರ್ಜನ್, ಕಾಸರಗೋಡು):
ಕಳೆದ ತಿಂಗಳು ಕರುಳಿನ ಶಸ್ತ್ರಚಿಕಿತ್ಸೆಯೊಂದನ್ನು ಮುಗಿಸಿ ಹೊಟ್ಟೆಯನ್ನು ಹೊಲಿಯಲು ಆರಂಭಿಸಿದ್ದಾಗ, ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗದ ಸಿಸ್ಟರ್ ‘ಒನ್ನು ಕುರವುಂಡು’ ಎಂದು ಮಲಯಾಳದಲ್ಲಿ ಮೆಲ್ಲನೆ ಹೇಳಿದರು. ರಕ್ತ ಹೀರಲು ಹೊಟ್ಟೆಯೊಳಗಿಡುವ ಬಟ್ಟೆ, ಅಂದರೆ ಮಾಪ್, ಒಂದು ಕಡಿಮೆಯಿದೆ ಎಂಬುದು ನನಗೆ ಅರ್ಥವಾಗಿತ್ತು; ಆದರೂ ‘ಇನ್ನೊಮ್ಮೆ ಎಣಿಸಿ’ ಎಂದು ತಲೆಯೆತ್ತದೆ ಹೇಳಿ, ಮತ್ತೆ ಮೂರು ಹೊಲಿಗೆ ಹಾಕಿದೆ. ಅವರು ಎಣಿಸಿ ಸುಮ್ಮನೆ ನಿಂತರು. ಅನಸ್ತೇಶಿಯಾ ಡಾಕ್ಟರು ‘ನಿಲ್ಲಿಸಿ’ ಎಂದ ಮೇಲೆಯೇ ನನ್ನ ಕೈ ನಿಂತದ್ದು. ಹೊಲಿಗೆ ಬಿಚ್ಚಿ ನೋಡಿದರೆ, ರಕ್ತದಲ್ಲಿ ತೊಯ್ದು ಸುತ್ತಲಿನ ಅಂಗಗಳ ಬಣ್ಣಕ್ಕೇ ತಿರುಗಿದ್ದ ಮಾಪ್ ಕರುಳಿನ ಮಡಿಕೆಗಳ ನಡುವೆ ಸೇರಿಕೊಂಡಿತ್ತು. ರೋಗಿ ಗುಣವಾಗಿ ಮನೆಗೆ ಹೋದರು. ನಡೆದದ್ದನ್ನು ಅವರಿಗೂ ತಿಳಿಸಿದ್ದೇನೆ. ಆದರೆ ಆ ಸಿಸ್ಟರ್ ಎರಡನೆಯ ಬಾರಿ ಏಕೆ ಹೇಳಲಿಲ್ಲ ಎಂಬುದು ನನ್ನನ್ನು ಕೊರೆಯುತ್ತಿದೆ. ನಾನು ಏನನ್ನು ಬದಲಿಸಿಕೊಳ್ಳಬೇಕು?

ಉತ್ತರ (ನಿವೃತ್ತ ಥಿಯೇಟರ್ ನರ್ಸ್, ಕುಂಬಳೆ):
ಡಾಕ್ಟರೇ, ನೀವು ತಲೆಯೆತ್ತಲಿಲ್ಲ, ಅದಕ್ಕೇ ಅವರು ಹೇಳಲಿಲ್ಲ. ನಮ್ಮ ಊರಿನ ಥಿಯೇಟರಿನಲ್ಲಿ ರೋಗಿ ತುಳುವಿನಲ್ಲಿ ನರಳುತ್ತಾರೆ, ಸಿಸ್ಟರಂದಿರು ಮಲಯಾಳದಲ್ಲಿ ಮಾತನಾಡುತ್ತಾರೆ, ಡಾಕ್ಟರರು ಇಂಗ್ಲಿಷಿನಲ್ಲಿ ಆಜ್ಞೆ ಕೊಡುತ್ತಾರೆ. ಹೆದರಿದಾಗ ಬಾಯಿಗೆ ಬರುವುದು ಮನೆಮಾತು; ಆ ಮಾತಿಗೇ ನೀವು ಕೈ ನಿಲ್ಲಿಸಿದರೆ ಅವರಿಗೆ ಧೈರ್ಯ ತಾನಾಗಿ ಬರುತ್ತದೆ.

ಉತ್ತರ (ಅರಿವಳಿಕೆ ತಜ್ಞೆ, ಮಂಜೇಶ್ವರ):
ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಸುರಕ್ಷತಾ ಪಟ್ಟಿಯಲ್ಲಿ ಇದಕ್ಕೆ ದಾರಿಯಿದೆ. ನವದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು. ದುಃಖದ ಸಂಗತಿಯೆಂದರೆ ಎಷ್ಟೋ ಕಡೆ ಹಾಳೆಗೆ ಸಂಜೆ ಒಟ್ಟಿಗೆ ಸಹಿ ಬೀಳುತ್ತದೆ, ಮತ್ತು ಚರ್ಮ ಕೊಯ್ಯುವ ಮೊದಲು ಎಲ್ಲರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಬೇಕೆಂಬ ಅಂಶವನ್ನು ಶಿಷ್ಟಾಚಾರವೆಂದು ಬಿಟ್ಟುಬಿಡುತ್ತಾರೆ. ಒಮ್ಮೆ ಬಾಯಿ ತೆರೆದವರಿಗೆ ಮತ್ತೊಮ್ಮೆ ತೆರೆಯುವುದು ಸುಲಭ. ಆ ಹೊತ್ತಿನಲ್ಲೇ ನೀವು ‘ಎಣಿಕೆ ತಪ್ಪಿದರೆ ನನ್ನನ್ನು ನಿಲ್ಲಿಸಿ’ ಎಂದು ಎಲ್ಲರ ಎದುರು ಹೇಳಿ. ಹುಡುಕಿದರೂ ಸಿಗದಿದ್ದರೆ ಹೊಲಿಯುವ ಮೊದಲೇ ಎಕ್ಸ್‌ರೇ ತೆಗೆಸಿ. ಮಾಪಿನೊಳಗೆ ಹೆಣೆದಿರುವ ನೂಲು ಅದರಲ್ಲಿ ಕಾಣುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಋಣಿ. ಸೋಮವಾರದಿಂದ ಎಣಿಕೆಯ ಹೊತ್ತಿಗೆ ಹೊಲಿಗೆಯ ಸೂಜಿ ಹಿಡಿಯುವ ನೀಡಲ್ ಹೋಲ್ಡರನ್ನು ಟ್ರೇಯಲ್ಲಿಟ್ಟು, ಸಿಸ್ಟರೇ ‘ಸರಿಯಿದೆ’ ಎಂದ ಮೇಲೆ ಎತ್ತಿಕೊಳ್ಳುತ್ತಿದ್ದೇನೆ. ನಿನ್ನೆ ಅದೇ ಸಿಸ್ಟರ್, ನಾನು ಕೇಳದಿದ್ದರೂ, ಎರಡು ಬಾರಿ ಎಣಿಸಿದರು. ನಾನು ಕಾದು ನಿಂತಿದ್ದೆ.