ಅಪ್ಪ ಅಮ್ಮನ ಜತೆ ಲೆವನ್‌ವರ್ತ್: ಡಿಸೆಂಬರ್ ಶನಿವಾರ ಹೋಗಬಹುದಾ?

ಜಿಟಿಜಿಟಿ_ಮಳೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ. ಅಪ್ಪ ಅಮ್ಮ ಸಿರ್ಸಿಯಿಂದ ಬಂದು ಎರಡು ತಿಂಗಳಾಯಿತು. ಬಂದಾಗಿನಿಂದ ಮಳೆ, ಮೋಡ, ಕಾಸ್ಟ್‌ಕೊ, ಮತ್ತೆ ಮಳೆ. ಸಿರ್ಸಿ ಮಳೆ ಕಂಡವರಿಗೆ ಇಲ್ಲಿಯ ಮಳೆ ಒಂದು ಲೆಕ್ಕವೇ ಅಲ್ಲ, ಆದರೆ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತದಲ್ಲ, ಅದು ಅಮ್ಮನಿಗೆ ಹಿಡಿಸುತ್ತಿಲ್ಲ. ಒಂದು ಸಲ ಸರಿಯಾದ ಸ್ನೋ ತೋರಿಸೋಣ, ಹಾಗೇ ಆ ಜರ್ಮನಿ ಥರದ ಊರಿನ ಕ್ರಿಸ್‌ಮಸ್ ದೀಪಗಳನ್ನೂ ತೋರಿಸೋಣ ಎಂದು ಡಿಸೆಂಬರ್ ಎರಡನೇ ಶನಿವಾರ ಒಂದು ರಾತ್ರಿ ಲೆವನ್‌ವರ್ತ್‌ನಲ್ಲಿ ಉಳಿಯುವ ಯೋಚನೆ ಇದೆ. ರೂಮಿನ ರೇಟು ನೋಡಿ ಎದೆ ಧಸಕ್ಕೆಂದಿತು, ಆದರೂ ಇರಲಿ.

ಅಮ್ಮನಿಗೆ ಮಂಡಿ ನೋವು. ಇಬ್ಬರೂ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮಗನಿಗೆ ನಾಲ್ಕು ವರ್ಷ. ಕಾರು ಕ್ಯಾಮ್ರಿ, ಫ್ರಂಟ್ ವೀಲ್ ಡ್ರೈವ್. ನಾನು ಸ್ನೋದಲ್ಲಿ ಓಡಿಸಿದ್ದು ಒಂದೇ ಸಲ, ಅದೂ ಅಪಾರ್ಟ್‌ಮೆಂಟ್ ಪಾರ್ಕಿಂಗ್ ಒಳಗೆ. ಹೋಗಿ ಬಂದವರು ಸ್ವಲ್ಪ ಹೇಳಿ.

ಕಾಫಿ_ಡಿಕಾಕ್ಷನ್

ಹೋಗಿ, ಆದರೆ ಡಿಸೆಂಬರ್ ಶನಿವಾರ ಖಂಡಿತ ಬೇಡ. ಇದನ್ನು ಅನುಭವಿಸಿ ಹೇಳುತ್ತಿದ್ದೇನೆ. ಮೊದಲ ವರ್ಷ ನಾವೂ ಹಾಗೇ ಮಾಡಿದೆವು. ಊರಿನ ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು, ಆವತ್ತು ಫ್ರಂಟ್ ಸ್ಟ್ರೀಟ್‌ನಲ್ಲಿ ಕಂಡದ್ದು ನಮ್ಮ ದಸರಾ ಜಂಬೂ ಸವಾರಿ ದಿನದ ಸಯ್ಯಾಜಿರಾವ್ ರಸ್ತೆ. ಪಾರ್ಕಿಂಗ್‌ಗೆ ಮುಕ್ಕಾಲು ಗಂಟೆ ಸುತ್ತಿದೆವು. ಹಾಟ್ ಚಾಕಲೇಟಿಗೂ ಕ್ಯೂ, ಟಾಯ್ಲೆಟ್ಟಿಗೂ ಕ್ಯೂ. ನಮ್ಮ ಮಾವ ಬೆಂಚು ಹುಡುಕಿ ಹುಡುಕಿ ಸುಸ್ತಾಗಿ "ಕಾರಿಗೆ ಹೋಗೋಣ ನಡಿಯಮ್ಮ" ಎಂದುಬಿಟ್ಟರು, ದೀಪ ಹತ್ತುವುದಕ್ಕೂ ಮೊದಲೇ.

ಜಾಸ್ತಿ ಜನ ಗಮನಿಸದ ವಿಷಯ ಒಂದಿದೆ. ದೀಪ ಕ್ರಿಸ್‌ಮಸ್‌ಗೆ ಆರುವುದಿಲ್ಲ. ಥ್ಯಾಂಕ್ಸ್‌ಗಿವಿಂಗ್‌ಗೆ ಹಚ್ಚಿದರೆ ಫೆಬ್ರವರಿ ಕೊನೆಯವರೆಗೂ ದಿನಾ ಸಂಜೆ ಉರಿಯುತ್ತವೆ. ಎರಡನೇ ಸಲ ಅತ್ತೆ ಮಾವನನ್ನು ಜನವರಿ ಮಧ್ಯದಲ್ಲಿ ಭಾನುವಾರ ಕರೆದುಕೊಂಡು ಹೋಗಿ ಸೋಮವಾರ ವಾಪಸ್ ಬಂದೆವು. ಅದೇ ದೀಪ, ಡಿಸೆಂಬರ್‌ಗಿಂತ ಜಾಸ್ತಿ ಸ್ನೋ, ಕಾಲು ಭಾಗ ಜನ, ರೂಮಿಗೆ ಅರ್ಧ ದುಡ್ಡು. ಬ್ಯಾಂಡು, ಸಾಂಟಾ ಇರುವುದಿಲ್ಲ, ಅಷ್ಟೇ.

ಫ್ರಂಟ್ ಸ್ಟ್ರೀಟ್ ಪಾರ್ಕ್ ಊರಿನ ನಡುವೆಯೇ ಇದೆ. ಅಲ್ಲಿ ಪುಟ್ಟ ಇಳಿಜಾರಿದೆ, ಮಕ್ಕಳು ಸ್ಲೆಡ್ ಹಾಕಿಕೊಂಡು ಜಾರುತ್ತಿರುತ್ತಾರೆ. ನಿಮ್ಮ ಮಗನಿಗೆ ಅಷ್ಟು ಸಾಕು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಎರಡು ಗಂಟೆ ಕಳೆಯುತ್ತದೆ. ಟಾಯ್ಲೆಟ್ ಕೂಡ ಅಲ್ಲೇ. ಮಂಡಿ ನೋವಿರುವವರಿಗೆ ಸ್ನೋಗಿಂತ ಭಯ ಐಸು. ಹಗಲು ಕರಗಿದ ನೀರು ಸಂಜೆ ಫುಟ್‌ಪಾತ್ ಮೇಲೆ ಗಾಜಾಗುತ್ತದೆ. ಶೂ ಕೆಳಗೆ ಹಾಕುವ ರಬ್ಬರಿನ ಮುಳ್ಳುಪಟ್ಟಿ ಸಿಗುತ್ತದೆ, ಅಮ್ಮನಿಗೆ ಒಂದು ಜೊತೆ ತಗೊಳ್ಳಿ. ನಮ್ಮ ಅತ್ತೆ ಮೊದಲು ಬೇಡವೇ ಬೇಡ ಎಂದವರು ಆಮೇಲೆ ಅದನ್ನು ಬಿಚ್ಚಲೇ ಇಲ್ಲ, ಹೋಟೆಲ್ ಕಾರ್ಪೆಟ್ ಮೇಲೂ ಟಕ್ ಟಕ್ ಎಂದು ಓಡಾಡಿದರು.

ಊಟದ ವಿಷಯ: ಮೊಟ್ಟೆಯೂ ಇಲ್ಲ ಎಂದರೆ ಕಷ್ಟ. ಎಲ್ಲಿ ನೋಡಿದರೂ ಸಾಸೇಜು, ಶ್ನಿಟ್ಸಲ್. ಸ್ಪೆಟ್ಸ್ಲೆ ನೋಡೋಕೆ ನಮ್ಮ ಶಾವಿಗೆ ಥರ, ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ಆಲೂಗಡ್ಡೆ ಪ್ಯಾನ್‌ಕೇಕಿಗೂ ಸಾಮಾನ್ಯವಾಗಿ ಮೊಟ್ಟೆ. ಹುಳಿ ಬರಿಸಿದ ಎಲೆಕೋಸನ್ನು ಕೆಲವರು ಬೇಕನ್ ಹಾಕಿ ಬೇಯಿಸುತ್ತಾರೆ, ಕೇಳಿಯೇ ತಿನ್ನಿ. ಬಿಸಿ ಪ್ರೆಟ್ಜೆಲ್, ಸಾಸಿವೆ ಸಾಸು, ಫ್ರೈಸ್ ಸಾಮಾನ್ಯವಾಗಿ ತಿನ್ನಬಹುದು. ನಾವು ಅಡುಗೆಮನೆ ಇರುವ ರೂಮ್ ಮಾಡಿ, ಪುಟ್ಟ ಕುಕ್ಕರ್, ಪುಳಿಯೋಗರೆ ಗೊಜ್ಜು, ಮೊಸರು ತಗೊಂಡು ಹೋಗಿದ್ದೆವು. ಹೊರಗೆ ಸ್ನೋ, ಒಳಗೆ ಬಿಸಿ ಪುಳಿಯೋಗರೆ. ಅತ್ತೆಗೆ ಇವತ್ತಿಗೂ ನೆನಪಿರುವುದು ಅದೇ.

ಬಿಸಿಬೇಳೆ_ಬಾತ್

ಒಂದು ಕಟು ಮಾತು, ಬೇಜಾರು ಮಾಡ್ಕೋಬೇಡಿ. ನಾನು ಮ್ಯೂನಿಕ್‌ನಲ್ಲಿ ಮೂರು ವರ್ಷ ಇದ್ದವನು. ಮಿಟೆನ್‌ವಾಲ್ಡ್, ಓಬರಮ್ಮರ್‌ಗೌ ಕಡೆ ಹೋದರೆ ಮನೆ ಗೋಡೆಗಳ ಮೇಲೆ ಬರೆದ ಚಿತ್ರಗಳಿವೆ, ತಲೆತಲಾಂತರದವು. ಲೆವನ್‌ವರ್ತ್ ನೋಡಿದಾಗ ನನಗೆ ಮದುವೆ ಮಂಟಪದ ಮುಂದೆ ನಿಲ್ಲಿಸುವ ಥರ್ಮೋಕೋಲ್ ಅರಮನೆ ನೆನಪಾಯಿತು. ಮೆಕ್‌ಡೊನಾಲ್ಡ್ಸ್, ಸ್ಟಾರ್‌ಬಕ್ಸ್ ಬೋರ್ಡುಗಳನ್ನೂ ಹಳೇ ಜರ್ಮನ್ ಅಕ್ಷರದ ಥರ ಬರೆಸಿದ್ದಾರೆ. ಬಾಗಿಲು ದಾಟಿದರೆ ಅದೇ ಟೀ ಶರ್ಟು, ಅದೇ ಫ್ರಿಜ್ ಮ್ಯಾಗ್ನೆಟ್ಟು.

ಬೆಟ್ಟಗಳು ಮಾತ್ರ ನಿಜ. ಅದನ್ನು ಒಪ್ಪುತ್ತೇನೆ. ಐಸಿಕಲ್ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋಗಿ ಕಾರು ನಿಲ್ಲಿಸಿ ತಲೆ ಎತ್ತಿ ನೋಡಿ. ಅದಕ್ಕೆ ಯಾವ ಥೀಮೂ ಬೇಕಿಲ್ಲ.

ಹಳೇ_ರೈಲ್ವೆ_ಹುಚ್ಚ

ಥರ್ಮೋಕೋಲ್ ಅಂದಿದ್ದಕ್ಕೆ ಸ್ವಲ್ಪ ಹೊಟ್ಟೆ ಉರಿಯಿತು ಸಾರ್, ಅದಕ್ಕೇ ಬರೆಯುತ್ತಿದ್ದೇನೆ.

ಅದು ರೈಲಿನ ಊರು. 1890ರ ದಶಕದಲ್ಲಿ ಗ್ರೇಟ್ ನಾರ್ದರ್ನ್ ರೈಲು ಬಂತು, ಜತೆಗೆ ಮರದ ಮಿಲ್ಲು. 1920ರ ದಶಕದಲ್ಲಿ ರೈಲ್ವೆ ತನ್ನ ಕಾರುಬಾರು ಪಕ್ಕದ ವೆನಾಚಿ ಊರಿಗೆ ಎತ್ತಿಕೊಂಡು ಹೋಯಿತು, ಹಳಿಯನ್ನೂ ಟಮ್‌ವಾಟರ್ ಕಣಿವೆಯಿಂದ ಬೇರೆ ಕಡೆ ಹಾಕಿದರು. ಮಿಲ್ಲೂ ಮುಚ್ಚಿತು. ಆಮೇಲೆ ಮೂವತ್ತು ವರ್ಷ ಊರು ಸುಮ್ನೆ ಸವೆಯಿತು, ಅಂಗಡಿ ಒಂದೊಂದಾಗಿ ಬಾಗಿಲು ಹಾಕಿದವು. 1962ರಲ್ಲಿ ಊರಿನವರು, ಅದರಲ್ಲೂ ಹೆಂಗಸರ ಕ್ಲಬ್ಬಿನವರು, ವಾಷಿಂಗ್ಟನ್ ಯೂನಿವರ್ಸಿಟಿಯ ಸಹಾಯ ಕೇಳಿ ಒಂದು ಯೋಜನೆ ಶುರು ಮಾಡಿದರು. ಅಲ್ಲೇ ಹೈವೇ ಪಕ್ಕ ಕೆಫೆ ನಡೆಸುತ್ತಿದ್ದ ಟೆಡ್ ಪ್ರೈಸ್ ಮತ್ತು ಬಾಬ್ ರಾಜರ್ಸ್ ಎಂಬ ಇಬ್ಬರು ಕ್ಯಾಲಿಫೋರ್ನಿಯಾದ ಸಾಲ್ವ್ಯಾಂಗ್ ನೋಡಿದ್ದರು. ಅದು ಡೆನ್ಮಾರ್ಕ್ ಥರ ಕಟ್ಟಿದ ಊರು. ನಮ್ಮಲ್ಲಿ ಬೆಟ್ಟ ಇದೆ, ನಾವು ಬವೇರಿಯಾ ಮಾಡೋಣ ಎಂದರು. ಅಂಗಡಿಯವರು ಸಾಲ ಮಾಡಿ ತಮ್ಮ ತಮ್ಮ ಕಟ್ಟಡ ತಿದ್ದಿಸಿಕೊಂಡರು. ಬೋರ್ಡಿನ ಅಕ್ಷರಕ್ಕೂ ನಿಯಮ ಬಂದದ್ದು ಆಮೇಲೆ. ಹೊಟ್ಟೆಪಾಡಿಗೆ ಹಾಕಿದ ವೇಷ ಅದು, ಆದರೆ ಅರವತ್ತು ವರ್ಷದಿಂದ ದಿನಾ ಹಾಕುತ್ತಿದ್ದಾರೆ. ಯಕ್ಷಗಾನದವನ ಕಿರೀಟ ಮರದ್ದು ಅಂತ ಯಾರಾದರೂ ಎದ್ದು ಹೋಗುತ್ತಾರಾ?

ಅದಕ್ಕೂ ಮೊದಲು ಅದು ವೆನಾಚಿ ಎಂಬ ಮೂಲನಿವಾಸಿ ಜನರ ಮೀನುಗಾರಿಕೆಯ ಜಾಗ, ಐಸಿಕಲ್ ಹೊಳೆ ದೊಡ್ಡ ಹೊಳೆಗೆ ಸೇರುವಲ್ಲಿ. 1855ರ ಒಪ್ಪಂದದಲ್ಲಿ ಸರ್ಕಾರ ಅವರಿಗೆ ಜಾಗ ಬಿಟ್ಟುಕೊಡುತ್ತೇವೆ ಎಂದು ಬರೆದುಕೊಟ್ಟು, ಕೊಡಲಿಲ್ಲ. ನಕಲಿ ಯಾವುದು ಅಸಲಿ ಯಾವುದು ಎನ್ನುವುದಾದರೆ ಅಲ್ಲಿಂದಲೇ ಶುರು ಮಾಡಬೇಕಾಗುತ್ತದೆ.

ಇನ್ನೊಂದು. ಪ್ರಶ್ನೆ ಕೇಳಿದವರು ಸಿರ್ಸಿಯವರಲ್ವಾ, ನಟ್‌ಕ್ರ್ಯಾಕರ್ ಮ್ಯೂಸಿಯಂ, ಅಂದರೆ ಕಾಯಿ ಒಡೆಯುವ ಸಾಧನಗಳ ಮ್ಯೂಸಿಯಂ, ತಪ್ಪಿಸಬೇಡಿ. 1995ರಲ್ಲಿ ತೆರೆದದ್ದು, ಸಾವಿರಾರು ಇವೆ. ಮೀಸೆ ಬಿಟ್ಟ ಮರದ ಸಿಪಾಯಿಗಳನ್ನು ನೋಡಿ ಮುಗಿಸಬೇಡಿ, ಗಾಜಿನ ಕಪಾಟುಗಳನ್ನು ನಿಧಾನವಾಗಿ ನೋಡಿ. ಅಲ್ಲಿ ನಮ್ಮ ಕಡೆಯ ಥರದ ಅಡಕತ್ತರಿಗಳೂ ಇವೆ. ಒಂದು ಹಿತ್ತಾಳೆಯದ್ದರ ಮುಂದೆ ನಾನು ಎಷ್ಟು ಹೊತ್ತು ನಿಂತೆನೋ, ಹಿಂದಿದ್ದವರು ಗಂಟಲು ಸರಿಮಾಡಿಕೊಂಡರು. ಮ್ಯೂಸಿಯಂ ಮಹಡಿ ಮೇಲಿದೆ, ಅಮ್ಮನಿಗೆ ಹೇಳಿ.

ಬಿಸಿಬೇಳೆ_ಬಾತ್

ಯಕ್ಷಗಾನದ ಮಾತಿಗೆ ಸೋತೆ. ಆದರೂ ಆ ಬಿಯರಿನ ರೇಟಿಗೆ ಸೋಲುವುದಿಲ್ಲ.

ಜಿಟಿಜಿಟಿ_ಮಳೆ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಅಪ್ಪ ಅಮ್ಮ ಫೆಬ್ರವರಿಯವರೆಗೂ ಇರುತ್ತಾರೆ, ಹಾಗಾಗಿ ಜನವರಿಯೇ ಸರಿ ಅನಿಸುತ್ತಿದೆ. ಡ್ರೈವಿಂಗ್ ಭಯ ಹೋಗಿಲ್ಲ. ಆಮ್‌ಟ್ರ್ಯಾಕ್ ರೈಲು ಇದೆಯಂತಲ್ಲ?

ಹಳೇ_ರೈಲ್ವೆ_ಹುಚ್ಚ

ಇದೆ, ಎಂಪೈರ್ ಬಿಲ್ಡರ್. ಶಿಕಾಗೊಗೆ ಹೋಗುವ ರೈಲು, ದಿನಕ್ಕೊಂದು. ನಿಮಗೆ ಎವರೆಟ್‌ನಲ್ಲಿ ಹತ್ತುವುದು ಅನುಕೂಲ. ಸಂಜೆ ಹೊರಟು ರಾತ್ರಿ ಎಂಟರ ಹೊತ್ತಿಗೆ ಲೆವನ್‌ವರ್ತ್‌ನ ಐಸಿಕಲ್ ಸ್ಟೇಷನ್. ದಾರಿಯಲ್ಲಿ ಹನ್ನೆರಡೂವರೆ ಕಿಲೋಮೀಟರ್ ಉದ್ದದ ಕ್ಯಾಸ್ಕೇಡ್ ಸುರಂಗ, 1929ರದ್ದು. ರೈಲೆಂದರೆ ಪ್ರಾಣ ಬಿಡುವ ನಾನೇ ಹೇಳುತ್ತಿದ್ದೇನೆ, ಜನವರಿಯಲ್ಲಿ ನಿಮಗೆ ಇದು ಬೇಡ. ಹೋಗುವಾಗ ಕತ್ತಲು, ಸುರಂಗದ ಒಳಗೂ ಹೊರಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ವಾಪಸ್ ಬರುವ ರೈಲು ಬೆಳಗಿನ ಜಾವ, ಅದೂ ಶಿಕಾಗೊದಿಂದ ಬರುವುದರಿಂದ ಗಂಟೆಗಟ್ಟಲೆ ತಡವಾಗಬಹುದು. ಆ ಚಳಿಯಲ್ಲಿ ಮಂಡಿ ನೋವಿನ ಅಮ್ಮನನ್ನು ಪ್ಲಾಟ್‌ಫಾರ್ಮ್ ಮೇಲೆ ನಿಲ್ಲಿಸಬೇಡಿ. ಬೇಸಿಗೆಯಲ್ಲಾದರೆ ಎರಡು ಮಾತಿಲ್ಲ, ರೈಲೇ ಸರಿ.

ಚಾರ್ಮಾಡಿ_ತಿರುವು

ಕಾರಿನ ಬಗ್ಗೆ ನಾನು ಹೇಳುತ್ತೇನೆ, ಮಾನ ಹೋದರೂ ಪರವಾಗಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿ ಓಡಿಸಿದವನು ನಾನು ಎಂಬ ಜಂಬದಲ್ಲಿ ಲೆವನ್‌ವರ್ತ್ ದಾರಿಯ ಘಾಟಿ ಸ್ಟೀವನ್ಸ್ ಪಾಸ್ ಹತ್ತಿದೆ. ಪಾಸ್ ಇರುವುದು 4,061 ಅಡಿ ಎತ್ತರದಲ್ಲಿ, ಕೆಳಗೆ ಜಿನುಗು ಮಳೆ ಇದ್ದರೂ ಮೇಲೆ ದಪ್ಪ ಸ್ನೋ. ಸ್ನೋದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನ್ ಕಡ್ಡಾಯ ಎಂಬ ಬೋರ್ಡು ಬಂತು. ಡಿಕ್ಕಿಯಲ್ಲಿದ್ದ ಹೊಸಾ ಚೈನ್ ತೆಗೆದು, ಬೆರಳು ಮರಗಟ್ಟುವವರೆಗೆ ಒದ್ದಾಡಿ, ಹಾಕಿ ಮುಗಿಸಿ ಎದ್ದು ನಿಂತೆ. ಮುಂದೆ ನಿಂತಿದ್ದ ಲಾರಿ ಡ್ರೈವರ್ ಬಂದು ನೋಡಿ ಏನೂ ಹೇಳದೆ ಮುಂದಿನ ಚಕ್ರ ತೋರಿಸಿದ. ನಾನು ಹಾಕಿದ್ದು ಹಿಂದಿನ ಚಕ್ರಕ್ಕೆ. ಕಾರು ಫ್ರಂಟ್ ವೀಲ್ ಡ್ರೈವ್. ಹೆಂಡತಿ ಒಳಗಿಂದ ಗಾಜು ಇಳಿಸಲೇ ಇಲ್ಲ, ನಗುತ್ತಿದ್ದಳೋ ಬೈಯುತ್ತಿದ್ದಳೋ ಇವತ್ತಿಗೂ ಹೇಳಿಲ್ಲ.

ಹಾಗಾಗಿ ಮನೆ ಮುಂದೆಯೇ ಎರಡು ಸಲ ಹಾಕಿ ತೆಗೆದು ನೋಡಿ. ಹೊರಡುವ ಬೆಳಿಗ್ಗೆ ರಾಜ್ಯದ ಹೆದ್ದಾರಿ ಇಲಾಖೆಯ ಆ್ಯಪ್‌ನಲ್ಲಿ ಪಾಸ್ ಕ್ಯಾಮೆರಾ ನೋಡಿ. ಸ್ಟೀವನ್ಸ್ ಸರಿಯಿಲ್ಲದಿದ್ದರೆ ಐ-90 ಹೆದ್ದಾರಿಯಲ್ಲಿ ಹೋಗಿ ಕ್ಲೀ ಎಲಮ್ ಹತ್ತಿರ ತಿರುಗಿ ಬ್ಲೂವೆಟ್ ಪಾಸ್ ಮೇಲೆ ಬರಬಹುದು. ಸ್ವಲ್ಪ ಸುತ್ತು, ಅದೂ ನಾಲ್ಕು ಸಾವಿರ ಅಡಿ ಮೇಲೇ ಇದೆ. ಎರಡೂ ಕೆಟ್ಟಿದ್ದರೆ ಮನೆಯಲ್ಲೇ ಇರಿ, ರೂಮಿನ ದುಡ್ಡು ಹೋದರೆ ಹೋಗಲಿ. ರದ್ದು ಮಾಡಬಹುದಾದ ರೂಮನ್ನೇ ಹಿಡಿಯಿರಿ.

ವಾಪಸ್ ಬರುವಾಗ ಸುಲ್ತಾನ್ ಎಂಬ ಊರು ಬರುತ್ತದೆ. ಹೆಸರಿಗೆ ಸುಲ್ತಾನ್, ಭಾನುವಾರ ಮಧ್ಯಾಹ್ನ ಅಲ್ಲಿ ನಾವೆಲ್ಲ ಗುಲಾಮರು. ಒಂದೇ ಲೇನು, ಸ್ಕೀ ಮಾಡಿ ಇಳಿಯುವವರೆಲ್ಲ ಅದರಲ್ಲೇ. ನಿಮ್ಮದು ಸೋಮವಾರ ಆದರೆ ಬಚಾವ್.

ಕಾಫಿ_ಡಿಕಾಕ್ಷನ್

ಅಯ್ಯೋ, ಹಿಂದಿನ ಚಕ್ರ! ನಮ್ಮ ಯಜಮಾನರಿಗೆ ಓದಿ ಹೇಳಿದೆ, ಅವರು ಯಾಕೋ ತುಂಬಾ ಸುಮ್ಮನಾದರು.

ಮರೆತಿದ್ದೆ, ಲೆವನ್‌ವರ್ತ್‌ನಲ್ಲಿ ರೂಮ್ ಸಿಗದಿದ್ದರೆ ವೆನಾಚಿಯಲ್ಲಿ ನೋಡಿ. ಮೂವತ್ತೈದು ಕಿಲೋಮೀಟರ್ ದೂರ, ರೇಟು ಕಡಿಮೆ, ಅಲ್ಲಿಂದ ಬಸ್ಸಿದೆ. ನಾವು ಹೋದಾಗ ಬಸ್ಸಿಗೆ ದುಡ್ಡೇ ತಗೊಳ್ಳಲಿಲ್ಲ.

ಜಿಟಿಜಿಟಿ_ಮಳೆ

ಬುಕ್ ಮಾಡಿದೆ. ಜನವರಿ, ಭಾನುವಾರ ರಾತ್ರಿ, ಅಡುಗೆಮನೆ ಇರುವ ರೂಮು, ರದ್ದು ಮಾಡಬಹುದು. ಅಪ್ಪನಿಗೆ ಅಡಕತ್ತರಿ ವಿಷಯ ಹೇಳಿದೆ. "ಅದನ್ನು ನೋಡೋಕೆ ಇಷ್ಟು ದೂರ ಬರಬೇಕಿತ್ತಾ, ಮನೆಯಲ್ಲಿ ಮೂರಿದೆ" ಎಂದರು. ಕವಳ ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಬಿಟ್ಟು, ಅಲ್ಲಿ ಫೋಟೊ ತೆಗೆಯೋಕೆ ಬಿಡ್ತಾರಾ ಎಂದು ಕೇಳಿದರು.

215/55 ಆರ್17 ಟೈರಿಗೆ ಆಗುವ ಚೈನ್ ಯಾರ ಹತ್ತಿರವಾದರೂ ಸುಮ್ನೆ ಬಿದ್ದಿದ್ದರೆ ಹೇಳಿ, ಎರಡು ದಿನಕ್ಕೆ ಸಾಕು. ಮುಂದಿನ ಚಕ್ರಕ್ಕೇ ಹಾಕುತ್ತೇನೆ.