ವ್ಯಾಟ್ಸ್ ಲೋಬೆಕ್ಟಮಿ ನಂತರದ ನೋವು: ಇಎಸ್‌ಪಿ ಸಾಕಾ, ಪ್ಯಾರಾವರ್ಟಿಬ್ರಲ್ ಬೇಕಾ?

ಪಿಜಿ_ಅರಿವಳಿಕೆ:
ವ್ಯಾಟ್ಸ್ ಲೋಬೆಕ್ಟಮಿಗೆ (ಸಣ್ಣ ರಂಧ್ರಗಳಿಂದ ಕ್ಯಾಮೆರಾ ಬಳಸಿ ಶ್ವಾಸಕೋಶದ ಒಂದು ಲೋಬ್ ತೆಗೆಯೋದು) ಟಿ5 (ಎದೆಯ ಐದನೇ ಕಶೇರು) ಮಟ್ಟದಲ್ಲಿ ಇಎಸ್‌ಪಿ (ಬೆನ್ನಿನ ಎರೆಕ್ಟರ್ ಸ್ಪೈನೆ ಸ್ನಾಯುವಿನ ಅಡಿ ಮರಗಟ್ಟಿಸುವ ಮದ್ದು ಬಿಡುವ ಬ್ಲಾಕ್), 0.25% ಬುಪಿವಕೇನ್ 20 ಮಿ.ಲೀ. ಕೊಟ್ಟರೂ ಎಚ್ಚರವಾದ ಮೇಲೆ ರೋಗಿಗಳು ಎರಡು ಕಡೆ ನೋವು ಅಂತಾರೆ: ಐಸಿಡಿ (ಎದೆಯೊಳಗಿನ ಗಾಳಿ, ದ್ರವ ಹೊರಹಾಕುವ ನಳಿಕೆ) ಇರುವ ಜಾಗ ಮತ್ತು ಅದೇ ಪಕ್ಕದ ಭುಜ. ಮದ್ದು ಹೆಚ್ಚಿಸಬೇಕಾ, ಬ್ಲಾಕನ್ನೇ ಬದಲಿಸಬೇಕಾ?

ಎದೆಗೂಡು_ಬ್ಲಾಕ್:
ಭುಜದ ನೋವನ್ನು ಮೊದಲು ಪಕ್ಕಕ್ಕಿಡಿ, ಅದು ಬ್ಲಾಕ್ ಕೈಕೊಟ್ಟ ಲಕ್ಷಣ ಅಲ್ಲ. ವಪೆಯ (ಡಯಾಫ್ರಮ್) ಕಿರಿಕಿರಿ ಫ್ರೆನಿಕ್ ನರದ ಮೂಲಕ ಕತ್ತಿನ ಸಿ3–ಸಿ5 ನರಗಳಿಗೆ ಹೋಗುತ್ತೆ. ಎದೆ ಮಟ್ಟದಲ್ಲಿ ಎಷ್ಟು ಮದ್ದು ಸುರಿದರೂ ಅಲ್ಲಿಗೆ ಮುಟ್ಟಲ್ಲ. ಪ್ಯಾರಾಸಿಟಮಾಲ್, ಮೂತ್ರಪಿಂಡ ಸರಿಯಿದ್ದರೆ ಡೈಕ್ಲೊಫೆನಾಕ್‌ನಂಥದ್ದು ಕೊಡಿ. ಭುಜ ನೋಯ್ತಿದೆ ಅಂತ ಇಂಟರ್‌ಸ್ಕೇಲೀನ್ ಬ್ಲಾಕ್‌ಗೆ (ಕತ್ತಿನ ಬದಿಯಲ್ಲಿ ಕೊಡೋದು, ಫ್ರೆನಿಕ್ ನರವನ್ನೂ ಮರಗಟ್ಟಿಸುತ್ತೆ) ಕೈ ಹಾಕಬೇಡಿ. ಮೊದಲೇ ಒಂದು ಲೋಬ್ ಹೋಗಿದೆ, ಜೊತೆಗೆ ಆ ಬದಿಯ ವಪೆಯೂ ನಿಂತರೆ ಉಸಿರಾಟ ಕೆಡುತ್ತೆ.

ಐಸಿಡಿ ಜಾಗದ ವಿಷಯ ಬೇರೆ. ಇಎಸ್‌ಪಿಯಲ್ಲಿ ಮದ್ದು ಟ್ರಾನ್ಸ್‌ವರ್ಸ್ ಪ್ರೊಸೆಸ್ (ಕಶೇರುವಿನ ಪಕ್ಕದ ಚಾಚು) ಮೇಲೆ, ಸ್ನಾಯುವಿನ ಅಡಿ ಕೂತಿರುತ್ತೆ. ಅಲ್ಲಿಂದ ಮುಂದಕ್ಕೆ ನರದವರೆಗೆ ಎಷ್ಟು ಇಳಿಯುತ್ತೆ ಅನ್ನೋದು ರೋಗಿಯಿಂದ ರೋಗಿಗೆ ಬದಲು. ನಳಿಕೆ ಏಳನೇ ಎಂಟನೇ ಪಕ್ಕೆಲುಬಿನ ಸಂದಿಯಲ್ಲಿದ್ದರೆ ಟಿ5ರಲ್ಲಿ ಹಾಕಿದ್ದು ಅಷ್ಟು ಕೆಳಗೆ ಬಾರದೇ ಇರಬಹುದು. ಇಎಸ್‌ಪಿಯೇ ಮಾಡೋದಾದರೆ ಅದೇ ಮಿಲಿಗ್ರಾಂ ಮದ್ದನ್ನು ಸಲೈನ್ ಸೇರಿಸಿ 30 ಮಿ.ಲೀ. ಮಾಡಿ. ಇದು ಹರಡಿಕೊಂಡೇ ಕೆಲಸ ಮಾಡುವ ಬ್ಲಾಕ್.

ಸೂಜಿ_ಮತ್ತು_ಪ್ರೋಬ್:
ಕೈ ಪಳಗಿದ್ದರೆ ನನ್ನ ಮತ ಪ್ಯಾರಾವರ್ಟಿಬ್ರಲ್‌ಗೆ, ಅಂದರೆ ಬೆನ್ನುಮೂಳೆಯ ಪಕ್ಕ ನರ ಹೊರಬರುವ ಜಾಗದಲ್ಲೇ ಮದ್ದು ಬಿಡುವ ಬ್ಲಾಕ್‌ಗೆ. ಟಿ5ರಲ್ಲಿ ಅಲ್ಟ್ರಾಸೌಂಡ್ ಪ್ರೋಬ್ ಅನ್ನು ಮಧ್ಯರೇಖೆಯಿಂದ 2.5 ಸೆಂ.ಮೀ. ಹೊರಗೆ ಇಡಿ. ಸೂಜಿಯ ತುದಿ ಕಾಣದೆ ಒಂದು ಮಿಲಿಮೀಟರ್ ಕೂಡ ಮುಂದೆ ಹೋಗಬೇಡಿ. ಕಾಸ್ಟೊಟ್ರಾನ್ಸ್‌ವರ್ಸ್ ಲಿಗಮೆಂಟ್ (ಪಕ್ಕೆಲುಬನ್ನು ಕಶೇರುವಿಗೆ ಕಟ್ಟುವ ನಾರು) ದಾಟಿದ ಮೇಲೆ 2 ಮಿ.ಲೀ. ಸಲೈನ್ ಬಿಡಿ. ಪ್ಲೂರಾದ (ಶ್ವಾಸಕೋಶದ ಸುತ್ತಲಿನ ಪೊರೆ) ಬೆಳ್ಳಗಿನ ಗೆರೆ ಕೆಳಕ್ಕೆ ಬಾಗಿದರೆ ಸರಿಯಾದ ಜಾಗ. ಬಾಗದಿದ್ದರೆ ಇನ್ನೂ ಮೇಲೇ ಇದ್ದೀರಿ. ಆಮೇಲೆ 5 ಮಿ.ಲೀ.ಗೊಮ್ಮೆ ಹಿಂದಕ್ಕೆಳೆದು ನೋಡುತ್ತಾ 0.375% ರೋಪಿವಕೇನ್ 20 ಮಿ.ಲೀ.

ಎಲ್ಲ ಸರಿಯಾಗಿ ಮಾಡಿದರೂ ಕೆಡೋದು ಒಂದು ಕಡೆ. ಸರ್ಜನ್ ಆ ಭಾಗದ ಪರೈಟಲ್ ಪ್ಲೂರಾ (ಎದೆಗೂಡಿನ ಒಳಗೋಡೆಗೆ ಅಂಟಿದ ಪದರ) ಬಿಡಿಸಿದ್ದರೆ ಅಥವಾ ಹರಿದಿದ್ದರೆ ಮದ್ದು ಎದೆಗೂಡಿನೊಳಗೆ ಸೋರಿ ಐಸಿಡಿ ಬಾಟಲಿ ಸೇರುತ್ತೆ. ಮದ್ದು ಬಿಡುತ್ತಲೇ ಇರಲು ಕ್ಯಾಥೆಟರ್ ಇಡುವ ಮುನ್ನ ಸರ್ಜನ್ನರನ್ನು ಕೇಳಿ.

ಡೋಸ್_ಲೆಕ್ಕ:
ಸರ್ಜನ್ ಪೋರ್ಟ್ ಜಾಗಗಳಿಗೆ ಚುಚ್ಚುವ ಮದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. 60 ಕೆ.ಜಿ. ರೋಗಿಗೆ ಕೆ.ಜಿ.ಗೆ 2 ಮಿ.ಗ್ರಾಂ. ಅಂದರೂ ಬುಪಿವಕೇನ್ ಒಟ್ಟು 120 ಮಿ.ಗ್ರಾಂ. ಮಾತ್ರ, 0.5% ಆದರೆ 24 ಮಿ.ಲೀ.ಗೇ ಮುಗೀತು. ರೋಪಿವಕೇನ್ ಜೊತೆ ಸೇರಿದರೆ ಎರಡರ ವಿಷಪ್ರಭಾವವೂ ಕೂಡಿಕೊಳ್ಳುತ್ತೆ. ವಿಷಪ್ರಭಾವ ಕಂಡರೆ ಕೊಡಲು 20% ಲಿಪಿಡ್ ಎಮಲ್ಷನ್ ಥಿಯೇಟರ್‌ನಲ್ಲೇ ಇರಲಿ: ಕೆ.ಜಿ.ಗೆ 1.5 ಮಿ.ಲೀ., ಅಂದರೆ ಇವರಿಗೆ 90 ಮಿ.ಲೀ., 2–3 ನಿಮಿಷದಲ್ಲಿ.

ಪಿಜಿ_ಅರಿವಳಿಕೆ:
ಧನ್ಯವಾದ ಸರ್. ಎನಾಕ್ಸಪರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮದ್ದು) ನಡೀತಿದ್ದರೆ?

ಸೂಜಿ_ಮತ್ತು_ಪ್ರೋಬ್:
ಪ್ಯಾರಾವರ್ಟಿಬ್ರಲ್ ಆಳದ ಬ್ಲಾಕ್, ರಕ್ತ ಸೋರಿದರೆ ಒತ್ತಿ ಹಿಡಿಯೋಕಾಗಲ್ಲ. ಹಾಗಾಗಿ ಎಪಿಡ್ಯೂರಲ್‌ನ ನಿಯಮವೇ: ತಡೆಗಟ್ಟುವ ಡೋಸ್ ಆಗಿ 12 ಗಂಟೆ, ಚಿಕಿತ್ಸೆಯ ಡೋಸ್ ಆಗಿ 24 ಗಂಟೆ ಕಾದು ಬ್ಲಾಕ್ ಮಾಡಿ. ಕ್ಯಾಥೆಟರ್ ತೆಗೆಯುವಾಗಲೂ ಅಂತರ ನೋಡಿಕೊಳ್ಳಿ. ಅಷ್ಟು ಕಾಯೋಕೆ ಆಗದಿದ್ದರೆ ಆಗ ಇಎಸ್‌ಪಿಯೇ ಸರಿ.